ಅಮೆರಿಕದ ಸಾಲ, ಅಮೆರಿಕದ ರೈತನ ಸಾಲ



ಮೊನ್ನೆ ಸೊಸೈಟಿ ಮುಂದಿನ ಕಟ್ಟೆ ಮೇಲೆ ನಾಲ್ಕು ಜನ ಕೂತಿದ್ದೆವು. ಬೆಂಗಳೂರಿನಲ್ಲಿ ಕೆಲಸಕ್ಕಿರುವ ನಮ್ಮೂರ ಹುಡುಗನೊಬ್ಬ ಬಂದು ತನ್ನ ಮೊಬೈಲಿನಲ್ಲಿ ಅಮೆರಿಕದ ಕಟಾವು ಯಂತ್ರವೊಂದನ್ನು ತೋರಿಸಿದ. ಒಂದು ಮನೆಯಷ್ಟು ದೊಡ್ಡ ಯಂತ್ರ. ಅದರ ಮೇಲೆ ಗಾಜಿನ ಕೋಣೆಯಲ್ಲಿ ಒಬ್ಬನೇ ಮನುಷ್ಯ ತಣ್ಣಗೆ ಕೂತು ಕಣ್ಣು ಹರಿಯುವಷ್ಟು ದೂರ ಮುಸುಕಿನ ಜೋಳ ಕೊಯ್ಯುತ್ತಿದ್ದ. "ನೋಡಿ ದೊಡ್ಡಪ್ಪ, ಅಲ್ಲಿ ಒಬ್ಬೊಬ್ಬ ಸಾವಿರ ಎಕರೆ ಮಾಡ್ತಾನೆ. ನೀವು ನಾಲ್ಕು ಎಕರೆ ಇಟ್ಕೊಂಡು ಬೆಲೆ ಇಲ್ಲ, ಸಾಲ ಆಯ್ತು ಅಂತ ಅಳ್ತೀರಿ" ಅಂದ.

ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಇದೇ ಮಾತನ್ನು ಮೂವತ್ತು ವರ್ಷದಿಂದ ಅಧಿಕಾರಿಗಳ ಬಾಯಲ್ಲೂ ಮಂತ್ರಿಗಳ ಬಾಯಲ್ಲೂ ಕೇಳುತ್ತಾ ಬಂದಿದ್ದೇವೆ. ದೊಡ್ಡ ಹಿಡುವಳಿ ಮಾಡಿ, ಯಂತ್ರ ತನ್ನಿ, ಹೊಸ ಬೀಜ ಹಾಕಿ, ಅಮೆರಿಕದ ರೈತನ ಹಾಗೆ ಆಗಿ ಎನ್ನುತ್ತಾರೆ. ಆ ಯಂತ್ರದ ಫೋಟೋ ಎಲ್ಲರೂ ತೋರಿಸುತ್ತಾರೆ. ಅದರ ಮೇಲೆ ಕೂತವನ ಸಾಲದ ಲೆಕ್ಕ ಮಾತ್ರ ಯಾರೂ ತೋರಿಸುವುದಿಲ್ಲ. ದೂರದ ಬೆಟ್ಟ ನುಣ್ಣಗೆ. ಈ ಸಲ ಆ ಬೆಟ್ಟಕ್ಕೇ ಹತ್ತಿ ನೋಡೋಣ.

ಬಲ ಎಲ್ಲಿದೆ?

ಮೊದಲು ಒಪ್ಪಿಕೊಳ್ಳಬೇಕಾದ್ದನ್ನು ಒಪ್ಪಿಕೊಳ್ಳೋಣ. ಅಮೆರಿಕದ ಬಲ ಸುಳ್ಳು ಬಲವಲ್ಲ. ನಡುಭಾಗದ ಅಯೋವಾ, ಇಲಿನಾಯ್ ರಾಜ್ಯಗಳ ಕಪ್ಪು ಮಣ್ಣು ಜಗತ್ತಿನ ಒಳ್ಳೆಯ ಮಣ್ಣುಗಳಲ್ಲಿ ಒಂದು. ಅದರ ಪಕ್ಕದಲ್ಲೇ ಮಿಸಿಸಿಪ್ಪಿ ನದಿ ಹರಿಯುತ್ತದೆ. ಬೆಳೆದ ಕಾಳನ್ನು ದೋಣಿಗೆ ತುಂಬಿ ಸಮುದ್ರದವರೆಗೆ ಅಗ್ಗದಲ್ಲಿ ಸಾಗಿಸಬಹುದು.

ದೇವರು ಕೊಟ್ಟದ್ದು ಇದಾದರೆ, ಸರ್ಕಾರ ಕೊಟ್ಟದ್ದು ಇನ್ನೂ ದೊಡ್ಡದು. 1862ರಲ್ಲಿ, ಲಿಂಕನ್ ಅಧ್ಯಕ್ಷರಾಗಿದ್ದಾಗ, ಉಳುವುದಕ್ಕೆ ಬಂದ ಕುಟುಂಬಕ್ಕೆ 160 ಎಕರೆ ಕೊಡುವ ಕಾನೂನು ಬಂತು. ಅದೇ ವರ್ಷ ರಾಜ್ಯಗಳಿಗೆ ಭೂಮಿ ಕೊಟ್ಟು, ಅದರ ಹಣದಿಂದ ಕೃಷಿ ಕಾಲೇಜು ಕಟ್ಟಿಸುವ ಕಾನೂನೂ ಬಂತು. 1887ರಲ್ಲಿ ಪ್ರಯೋಗ ಕ್ಷೇತ್ರಗಳು ಬಂದವು. 1914ರಲ್ಲಿ ಆ ಕಾಲೇಜಿನ ವಿದ್ಯೆಯನ್ನು ರೈತನ ಹೊಲಕ್ಕೆ ತಲುಪಿಸುವ ವ್ಯವಸ್ಥೆ ಆಯಿತು. 1916ರಲ್ಲಿ ಜಮೀನಿನ ಮೇಲೆ ದೀರ್ಘಾವಧಿ ಸಾಲ ಕೊಡುವ ಬ್ಯಾಂಕುಗಳು ಹುಟ್ಟಿದವು. 1935ರಿಂದ ಹಳ್ಳಿಗೆ ಕರೆಂಟು ಎಳೆಯುವ ಕೆಲಸವನ್ನು ಸರ್ಕಾರವೇ ಕೈಗೆತ್ತಿಕೊಂಡಿತು. ಅಂದರೆ ಅಮೆರಿಕದ ಕೃಷಿ ತಾನಾಗಿ ಬೆಳೆಯಲಿಲ್ಲ. "ಮಾರುಕಟ್ಟೆಗೆ ಬಿಡಿ, ಎಲ್ಲ ಸರಿಹೋಗುತ್ತದೆ" ಎಂದು ನಮಗೆ ಉಪದೇಶ ಮಾಡುವವರು ತಮ್ಮ ರೈತನನ್ನು ಮಾರುಕಟ್ಟೆಗೆ ಬಿಟ್ಟು ಬೆಳೆಸಿದವರಲ್ಲ.

ಇನ್ನೊಂದು ಮಾತನ್ನೂ ಮರೆಯಬಾರದು. ಆ 160 ಎಕರೆ ಖಾಲಿ ಬಿದ್ದಿದ್ದ ಭೂಮಿಯಲ್ಲ. ಮೂಲನಿವಾಸಿಗಳನ್ನು ಓಡಿಸಿ ಕಿತ್ತುಕೊಂಡದ್ದು. ದಕ್ಷಿಣದ ರಾಜ್ಯಗಳಲ್ಲಿ 1865ರವರೆಗೂ ಹತ್ತಿ ಬೆಳೆದದ್ದು ಆಫ್ರಿಕಾದಿಂದ ತಂದ ಗುಲಾಮರ ಬೆವರಿನಿಂದ. ಬಂಡವಾಳ ಎಲ್ಲಿಂದ ಬಂತು ಎಂದು ಕೇಳುವವರಿಗೆ ಇದೂ ಉತ್ತರದ ಒಂದು ಭಾಗ.

ಕಾಗದದ ಬಲ

ಇನ್ನು ಡಾಲರಿನ ಮಾತು. 1944ರಲ್ಲಿ ಬ್ರೆಟನ್ ವುಡ್ಸ್ ಎಂಬಲ್ಲಿ ಹಲವು ದೇಶಗಳು ಸೇರಿ ಒಪ್ಪಂದ ಮಾಡಿಕೊಂಡವು. ಎಲ್ಲ ದೇಶಗಳ ನಾಣ್ಯಕ್ಕೆ ಡಾಲರು ಆಧಾರ, ಡಾಲರಿಗೆ ಚಿನ್ನ ಆಧಾರ. 35 ಡಾಲರಿಗೆ ಒಂದು ಔನ್ಸ್ ಚಿನ್ನ. 1971ರ ಆಗಸ್ಟ್ 15ರಂದು ಅಧ್ಯಕ್ಷ ನಿಕ್ಸನ್ ಇನ್ನು ಚಿನ್ನ ಕೊಡುವುದಿಲ್ಲ ಎಂದು ಘೋಷಿಸಿದರು. ಅಂದಿನಿಂದ ಡಾಲರು ಬರೀ ಕಾಗದ. ಆದರೂ ಜಗತ್ತು ಅದನ್ನು ಬಿಡಲಿಲ್ಲ. ಇವತ್ತಿಗೂ ದೇಶಗಳು ಕೂಡಿಟ್ಟ ವಿದೇಶಿ ನಾಣ್ಯದಲ್ಲಿ ಅರ್ಧಕ್ಕಿಂತ ಹೆಚ್ಚು ಡಾಲರೇ.

ಇದರ ಅರ್ಥ ನಮ್ಮ ಭಾಷೆಯಲ್ಲಿ ಹೇಳುತ್ತೇನೆ. ಊರಿನ ಸಾಹುಕಾರನೊಬ್ಬ ಇದ್ದಾನೆ ಎಂದಿಟ್ಟುಕೊಳ್ಳಿ. ಅಂಗಡಿಗೆ ಹೋಗಿ ಸಾಮಾನು ತರುತ್ತಾನೆ, ದುಡ್ಡಿನ ಬದಲು ಚೀಟಿ ಬರೆದುಕೊಡುತ್ತಾನೆ. ಅಂಗಡಿಯವನು ಆ ಚೀಟಿಯನ್ನು ಮುರಿಸಲು ಹೋಗುವುದಿಲ್ಲ, ಅದನ್ನೇ ಇನ್ನೊಬ್ಬನಿಗೆ ಕೊಟ್ಟು ತನ್ನ ವ್ಯವಹಾರ ನಡೆಸುತ್ತಾನೆ. ಊರೆಲ್ಲ ಅವನ ಚೀಟಿಯೇ ಓಡಾಡುತ್ತದೆ. ಅಂಥವನಿಗೆ ಸಾಲದ ಭಯ ಎಲ್ಲಿಂದ ಬರಬೇಕು?

ಅಮೆರಿಕ ಸರ್ಕಾರದ ಸಾಲ 2024ರ ನವೆಂಬರಿನಲ್ಲಿ 36 ಲಕ್ಷ ಕೋಟಿ ಡಾಲರ್ ದಾಟಿತು. ಆ ವರ್ಷ ಆ ದೇಶದ ಇಡೀ ಉತ್ಪನ್ನ ಸುಮಾರು 29 ಲಕ್ಷ ಕೋಟಿ ಡಾಲರ್. ಆದಾಯಕ್ಕಿಂತ ಸಾಲ ಹೆಚ್ಚು ಎನ್ನುವುದು ನಮ್ಮಲ್ಲಿ ಸಾಮಾನ್ಯ ರೈತನ ಕತೆ. ಜಗತ್ತಿನ ಅತಿ ದೊಡ್ಡ ಆರ್ಥಿಕತೆಯದ್ದೂ ಅದೇ ಕತೆ. 2024ರ ಹಣಕಾಸು ವರ್ಷದಲ್ಲಿ ಬರೀ ಬಡ್ಡಿಗೆ ಕಟ್ಟಿದ್ದು ಸುಮಾರು 88 ಸಾವಿರ ಕೋಟಿ ಡಾಲರ್. ಜಗತ್ತಿನಲ್ಲೇ ಅತಿ ದುಬಾರಿಯಾದ ತನ್ನ ಸೈನ್ಯಕ್ಕೆ ಮಾಡಿದ ಖರ್ಚಿಗಿಂತ ಅದು ಹೆಚ್ಚು. ಸಾಲಗಾರರ ಯೋಗ್ಯತೆ ಅಳೆಯುವ ಮೂರು ದೊಡ್ಡ ಸಂಸ್ಥೆಗಳೂ 2011, 2023 ಮತ್ತು 2025ರಲ್ಲಿ ಒಂದೊಂದಾಗಿ ಅಮೆರಿಕವನ್ನು ಮೇಲಿನ ದರ್ಜೆಯಿಂದ ಇಳಿಸಿದವು. ಹೊರದೇಶದಿಂದ ತರಿಸುವ ಸಾಮಾನು ಮಾರುವ ಸಾಮಾನಿಗಿಂತ ಎಷ್ಟೋ ಹೆಚ್ಚು. 2024ರಲ್ಲಿ ಆ ಕೊರತೆ 1 ಲಕ್ಷ ಕೋಟಿ ಡಾಲರಿಗೂ ಮೀರಿತ್ತು. ಜಗತ್ತಿಗೆ ಅನ್ನ ಹಾಕುತ್ತೇವೆ ಎನ್ನುವ ದೇಶ 2023 ಮತ್ತು 2024ರಲ್ಲಿ ಕೃಷಿ ಪದಾರ್ಥದಲ್ಲೂ ಮಾರಿದ್ದಕ್ಕಿಂತ ಕೊಂಡದ್ದೇ ಜಾಸ್ತಿ.

ಆದರೂ ಅಮೆರಿಕದ ಮನೆ ಬಾಗಿಲಿಗೆ ಯಾವ ಜಫ್ತಿ ಜೀಪೂ ಬಂದಿಲ್ಲ. ಯಾಕೆಂದರೆ ಸಾಲ ಅವರದೇ ಕಾಗದದಲ್ಲಿದೆ. ಇದು ಅದರ ಶಕ್ತಿಯೂ ಹೌದು, ರೋಗವೂ ಹೌದು. ಚೀಟಿ ಓಡುವವರೆಗೆ ಸಾಹುಕಾರ ದುಡಿಯಬೇಕಾಗಿಲ್ಲ. ದುಡಿಯದೆ ಇದ್ದರೆ ಒಂದು ದಿನ ಚೀಟಿ ಓಡುವುದಿಲ್ಲ.

ಈಗ ಬಾಂಧವರೇ, ಇಂಥ ದೇಶದ ರೈತನ ಸಾಲ ಹೇಗಿದೆ ನೋಡೋಣ. ಅವನ ಕೈಯಲ್ಲಿ ಚೀಟಿ ಬರೆಯುವ ಲೇಖನಿ ಇಲ್ಲ. ಬೆಲೆ ಬರೆಯುವ ಲೇಖನಿಯೂ ಇಲ್ಲ.

1933ರ ಹರಾಜುಗಳು

1930ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ದೊಡ್ಡ ಆರ್ಥಿಕ ಕುಸಿತ ಆಯಿತು. ಅಯೋವಾದಲ್ಲಿ ಮುಸುಕಿನ ಜೋಳದ ಬೆಲೆ ಎಷ್ಟು ಬಿತ್ತೆಂದರೆ, ಕಲ್ಲಿದ್ದಲು ಕೊಳ್ಳುವುದಕ್ಕಿಂತ ಜೋಳವನ್ನೇ ಒಲೆಗೆ ಹಾಕುವುದು ಅಗ್ಗ ಎಂದು ರೈತರು ಅದನ್ನು ಸುಟ್ಟು ಚಳಿ ಕಾಯಿಸಿಕೊಂಡರು. ಸಾಲ ಕಟ್ಟದವರ ಜಮೀನು, ದನ, ನೇಗಿಲು ಹರಾಜಿಗೆ ಬಂದವು.

ಆಗ ಅಕ್ಕಪಕ್ಕದ ರೈತರೆಲ್ಲ ಹರಾಜಿಗೆ ಗುಂಪಾಗಿ ಹೋಗಿ ನಿಂತರು. ಕುದುರೆಗೆ ಹತ್ತು ಸೆಂಟು, ನೇಗಿಲಿಗೆ ಐದು ಸೆಂಟು ಎಂದು ಕೂಗಿದರು. ಹೊರಗಿನವನು ಯಾರಾದರೂ ಹೆಚ್ಚು ಕೂಗಲು ಬಾಯಿ ತೆರೆದರೆ ಸುತ್ತ ನಿಂತವರು ಅವನ ಮುಖ ನೋಡುತ್ತಿದ್ದರು, ಅಷ್ಟೆ. ಅವನ ಬಾಯಿ ಮುಚ್ಚಿಹೋಗುತ್ತಿತ್ತು. ಹೀಗೆ ಚಿಲ್ಲರೆ ಕಾಸಿಗೆ ಕೊಂಡ ಸಾಮಾನನ್ನು ಹರಾಜು ಮುಗಿದ ಮೇಲೆ ಸಾಲಗಾರನಿಗೇ ವಾಪಸು ಕೊಡುತ್ತಿದ್ದರು.

ಇದನ್ನು ಓದಿದಾಗ ನನಗೆ ನಮ್ಮ ಮನೆ ನೆನಪಾಯಿತು. ನಾನು ಹೈಸ್ಕೂಲಿನಲ್ಲಿದ್ದಾಗ ಸಾಲ ವಸೂಲಿಗೆ ಬಂದವರು ನಮ್ಮಪ್ಪ ಮನೆಯಲ್ಲಿಲ್ಲದ ಹೊತ್ತಿನಲ್ಲಿ ಹಂಡೆ, ಕೊಪ್ಪರಿಗೆ, ನೇಗಿಲಿನ ಸಾಮಾನು ಜೀಪಿಗೆ ಹೇರಿಕೊಂಡು ಹೋದರು. ನಮ್ಮವ್ವ ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದಳು. ಮಾರನೆ ದಿನ ಊರಿನವರು ಗುಂಪು ಕಟ್ಟಿಕೊಂಡು ಹೋಗಿ ಅಷ್ಟೂ ಸಾಮಾನನ್ನು ತಲೆ ಮೇಲೆ ಹೊತ್ತು ತಂದರು. 1980ರ ದಶಕದಲ್ಲಿ ಕರ್ನಾಟಕದ ಹಳ್ಳಿಗಳಲ್ಲಿ ಇಂಥದು ಎಷ್ಟೋ ನಡೆದಿದೆ. ಅಯೋವಾದವರನ್ನು ನೋಡಿ ನಮ್ಮವರು ಕಲಿಯಲಿಲ್ಲ. ನೋವು ಒಂದೇ ಆದಾಗ ಬುದ್ಧಿಯೂ ಒಂದೇ ಥರ ಓಡುತ್ತದೆ.

ಆ ಗಲಾಟೆಯ ಫಲವಾಗಿ ಕಾನೂನುಗಳು ಬಂದವು. 1933ರಲ್ಲಿ ಅಯೋವಾ, ಮಿನೆಸೋಟ ಮುಂತಾದ ರಾಜ್ಯಗಳು ಹರಾಜಿಗೆ ತಡೆ ಹಾಕಿದವು. ಮಿನೆಸೋಟದ ಕಾನೂನನ್ನು 1934ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಅದೇ 1933ರಲ್ಲಿ ರೂಸ್‌ವೆಲ್ಟ್ ಸರ್ಕಾರ ಬೆಲೆಯ ಕಾನೂನು ತಂದಿತು. ಅದರ ತತ್ವ ನಾವು ಕೇಳುವ ವೈಜ್ಞಾನಿಕ ಬೆಲೆಗೆ ಅಣ್ಣನ ಹಾಗಿದೆ. 1909ರಿಂದ 1914ರ ಕಾಲದಲ್ಲಿ ಒಂದು ಚೀಲ ಕಾಳು ಮಾರಿದರೆ ಎಷ್ಟು ಬಟ್ಟೆ, ಎಷ್ಟು ಕಬ್ಬಿಣ ಬರುತ್ತಿತ್ತೋ, ಈಗಲೂ ಅಷ್ಟೇ ಬರಬೇಕು ಎನ್ನುವುದು ಅದರ ಅಳತೆ. ಬೆಳೆಯುವವನ ಬೆಲೆಯನ್ನು ಅವನು ಕೊಳ್ಳುವ ಸಾಮಾನಿನ ಬೆಲೆಗೆ ಕಟ್ಟಬೇಕು ಎನ್ನುವುದು ಹುಚ್ಚರ ಮಾತಲ್ಲ. ಅಮೆರಿಕದಲ್ಲೇ ಕಾನೂನಾಗಿದ್ದ ಮಾತು. ಮುಂದೆ ಅದನ್ನು ಸ್ವಲ್ಪ ಸ್ವಲ್ಪವಾಗಿ ಸಡಿಲಿಸುತ್ತಾ ಬಂದರು.

ಬೇಲಿ ಅಂಚಿನವರೆಗೂ ಉತ್ತವರು

1972ರಲ್ಲಿ ಸೋವಿಯತ್ ದೇಶ ಅಮೆರಿಕದಿಂದ ಭಾರಿ ಪ್ರಮಾಣದಲ್ಲಿ ಗೋಧಿ ಕೊಂಡಿತು. ಎರಡು ವರ್ಷದಲ್ಲಿ ಗೋಧಿ ಬೆಲೆ ಮೂರು ಪಟ್ಟು ಏರಿತು. ಅಂದಿನ ಕೃಷಿ ಮಂತ್ರಿ ಅರ್ಲ್ ಬಟ್ಜ್ ರೈತರಿಗೆ ಹೇಳಿದ್ದು: ಬೇಲಿ ಅಂಚಿನವರೆಗೂ ಬಿತ್ತಿರಿ, ದೊಡ್ಡವರಾಗಿರಿ, ಇಲ್ಲವೇ ಜಾಗ ಬಿಡಿ. ಬ್ಯಾಂಕಿನವರು ತಾವೇ ಹೊಲಕ್ಕೆ ಬಂದು ಸಾಲ ಕೊಟ್ಟರು. ಅಯೋವಾದಲ್ಲಿ 1970ರಲ್ಲಿ ಎಕರೆಗೆ 400 ಡಾಲರ್ ಚಿಲ್ಲರೆ ಇದ್ದ ಭೂಮಿ 1981ರಲ್ಲಿ 2,147 ಡಾಲರ್ ಆಯಿತು. ಆ ಬೆಲೆಯನ್ನು ನಂಬಿ ಅಪ್ಪ ಮಗನಿಗೆಂದು ಪಕ್ಕದ ಹೊಲ ಕೊಂಡ, ಟ್ರ್ಯಾಕ್ಟರ್ ಕೊಂಡ, ಪ್ರೋನೋಟಿಗೆ ಸಹಿ ಹಾಕಿದ.

ಆಮೇಲೆ ಮೂರು ಪೆಟ್ಟು ಒಟ್ಟಿಗೆ ಬಿದ್ದವು. ಹಣದುಬ್ಬರ ಇಳಿಸಬೇಕೆಂದು 1979ರಿಂದ ಅವರ ಕೇಂದ್ರ ಬ್ಯಾಂಕು ಬಡ್ಡಿ ಏರಿಸಿತು. 1980ರ ಡಿಸೆಂಬರಿನಲ್ಲಿ ಬ್ಯಾಂಕುಗಳು ತಮ್ಮ ಉತ್ತಮ ಗಿರಾಕಿಗಳಿಗೆ ಹಾಕುವ ಬಡ್ಡಿಯೇ ಶೇಕಡಾ 21.5ಕ್ಕೆ ಮುಟ್ಟಿತು. ಬಡ್ಡಿ ಏರಿದ್ದಕ್ಕೆ ಡಾಲರು ದುಬಾರಿಯಾಯಿತು. ಡಾಲರು ದುಬಾರಿಯಾದ್ದಕ್ಕೆ ಹೊರದೇಶದವರು ಅಮೆರಿಕದ ಕಾಳು ಕೊಳ್ಳುವುದು ಕಡಿಮೆ ಮಾಡಿದರು. ಇದರ ನಡುವೆ, ಸೋವಿಯತ್ ಸೇನೆ ಅಫ್ಘಾನಿಸ್ತಾನಕ್ಕೆ ನುಗ್ಗಿತೆಂದು 1980ರ ಜನವರಿಯಲ್ಲಿ ಅಧ್ಯಕ್ಷ ಕಾರ್ಟರ್ ಆ ದೇಶಕ್ಕೆ ಧಾನ್ಯ ಮಾರುವುದಕ್ಕೆ ತಡೆ ಹಾಕಿದರು. ಯುದ್ಧ ಇಬ್ಬರು ದೊಡ್ಡವರದು, ದಂಡ ಅಯೋವಾದ ರೈತನಿಗೆ. 1981ರಲ್ಲಿ ರೇಗನ್ ಆ ತಡೆ ತೆಗೆಯುವ ಹೊತ್ತಿಗೆ ಕೊಳ್ಳುವವರು ಬೇರೆ ಅಂಗಡಿ ನೋಡಿಕೊಂಡಿದ್ದರು.

ಎಕರೆಗೆ 2,147 ಡಾಲರ್ ಇದ್ದ ಭೂಮಿ 1986ರಲ್ಲಿ 787 ಡಾಲರಿಗೆ ಬಂತು. ಸಾಲ ಮಾತ್ರ ಹಾಗೇ ಇತ್ತು. ತಾತನ ಕಾಲದ ಜಮೀನುಗಳು ಹರಾಜಾದವು. ಹೋದ ಒಂದೊಂದು ಹೊಲಕ್ಕೆ ಒಂದೊಂದರಂತೆ ರೈತರು ಕೋರ್ಟಿನ ಮುಂದೆ ಬಿಳಿ ಶಿಲುಬೆ ನೆಟ್ಟರು. ಆತ್ಮಹತ್ಯೆಗಳಾದವು. 1985ರ ಡಿಸೆಂಬರಿನಲ್ಲಿ ಅಯೋವಾದ ಹಿಲ್ಸ್ ಎಂಬ ಪುಟ್ಟ ಊರಿನಲ್ಲಿ ಸಾಲದಿಂದ ಕಂಗೆಟ್ಟ ರೈತನೊಬ್ಬ ತನ್ನ ಹೆಂಡತಿಯನ್ನೂ, ಬ್ಯಾಂಕಿನ ಅಧ್ಯಕ್ಷನನ್ನೂ, ನೆರೆಯವನೊಬ್ಬನನ್ನೂ ಕೊಂದು ತಾನೂ ಸತ್ತ. ಇದನ್ನು ಹೊಗಳಿಕೆಗೆ ಬರೆಯುತ್ತಿಲ್ಲ. ಮೂರು ಮನೆಯ ದೀಪ ಆರಿತು, ಸಾಲದ ಲೆಕ್ಕದಲ್ಲಿ ಒಂದು ಕಾಸೂ ಕಡಿಮೆಯಾಗಲಿಲ್ಲ. ಸಾಲ ಮನುಷ್ಯನನ್ನು ಒಂಟಿ ಮಾಡುತ್ತದೆ. ಒಂಟಿಯಾದವನು ಏನು ಬೇಕಾದರೂ ಮಾಡಿಕೊಳ್ಳುತ್ತಾನೆ. ಸಂಘ ಇರಬೇಕಾದ್ದು ಅದಕ್ಕೇ.

ಅದೇ ರೈತರು ಸಂಘ ಕಟ್ಟಿದಾಗ ಏನು ಮಾಡಿದರು ಎನ್ನುವುದನ್ನೂ ಹೇಳಬೇಕು. 1977ರಲ್ಲಿ ಕೊಲರಾಡೋ ರಾಜ್ಯದ ಒಂದು ಸಣ್ಣ ಊರಿನಲ್ಲಿ ಅಮೆರಿಕನ್ ಅಗ್ರಿಕಲ್ಚರ್ ಮೂವ್‌ಮೆಂಟ್ ಹುಟ್ಟಿತು. 1933ರ ಅಳತೆಯ ಪೂರ್ತಿ ಬೆಲೆ ಕೊಡಿ ಎನ್ನುವುದು ಅವರ ಬೇಡಿಕೆ. 1979ರ ಫೆಬ್ರವರಿಯಲ್ಲಿ ಸಾವಿರಾರು ರೈತರು ಟ್ರ್ಯಾಕ್ಟರ್ ಓಡಿಸಿಕೊಂಡು ರಾಜಧಾನಿ ವಾಷಿಂಗ್ಟನ್ನಿಗೆ ನುಗ್ಗಿದರು. ಪೊಲೀಸರು ಕಸದ ಲಾರಿ, ಬಸ್ಸುಗಳನ್ನು ಅಡ್ಡ ನಿಲ್ಲಿಸಿ ಅವರನ್ನು ಮೈದಾನದಲ್ಲಿ ಕೂಡಿಹಾಕಿದರು. ಅಷ್ಟರಲ್ಲಿ ಭಾರಿ ಹಿಮ ಬಿದ್ದು ಊರೇ ನಿಂತುಹೋಯಿತು. ಆಗ ಡಾಕ್ಟರು, ದಾದಿಯರನ್ನು ಆಸ್ಪತ್ರೆಗೆ ಮುಟ್ಟಿಸಿದ್ದು ಇದೇ ರೈತರ ಟ್ರ್ಯಾಕ್ಟರುಗಳು. 2021ರ ಜನವರಿ 26ರಂದು ದೆಹಲಿಯಲ್ಲಿ ಟ್ರ್ಯಾಕ್ಟರ್ ನೋಡಿ ಬೆಚ್ಚಿದವರಿಗೆ ಈ ಕತೆ ಗೊತ್ತಿರಲಿಲ್ಲವೋ ಏನೋ.

ಹೋರಾಟದ ಫಲ ಪೂರ್ತಿ ಸಿಗಲಿಲ್ಲ. ಆದರೆ 1986ರಲ್ಲಿ ಕುಟುಂಬ ರೈತನಿಗೆಂದೇ ಒಂದು ದಿವಾಳಿ ಕಾನೂನು ಬಂತು. ಸಾಲದಲ್ಲಿ ಮುಳುಗಿದ ರೈತ ಕೋರ್ಟಿಗೆ ಹೋಗಿ, ಜಮೀನು ಉಳಿಸಿಕೊಂಡು, ತನ್ನ ಆದಾಯಕ್ಕೆ ತಕ್ಕಂತೆ ಮೂರರಿಂದ ಐದು ವರ್ಷದ ಕಂತು ಕಟ್ಟುವ ಯೋಜನೆ ಕೊಡಬಹುದು. ಕೋರ್ಟು ಒಪ್ಪಿದರೆ ಬ್ಯಾಂಕು ಒಪ್ಪಲೇಬೇಕು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೇನೆ.

ಈಗಿನ ಲೆಕ್ಕ

"ಅದೆಲ್ಲ ಹಳೇ ಮಾತು, ಈಗ ಹೇಗಿದ್ದಾರೆ?" ಎನ್ನುವವರು ಈ ಲೆಕ್ಕ ನೋಡಿ. ಅಮೆರಿಕದಲ್ಲಿ 25 ಕಿಲೋ ಚಿಲ್ಲರೆ ತೂಗುವ ಒಂದು ಬುಷೆಲ್ ಮುಸುಕಿನ ಜೋಳಕ್ಕೆ 1974ರಲ್ಲಿ 3 ಡಾಲರ್ ಆಸುಪಾಸು ಇತ್ತು. 2024ರಲ್ಲಿ 4 ಡಾಲರ್ ಆಸುಪಾಸು. ಈ ಐವತ್ತು ವರ್ಷದಲ್ಲಿ ಉಳಿದ ಸಾಮಾನುಗಳ ಬೆಲೆ ಸರಾಸರಿ ಆರು ಪಟ್ಟು ಏರಿದೆ. ಇಳುವರಿ ಸುಮಾರು ಎರಡು ಪಟ್ಟಾಯಿತು, ನಿಜ. ಎರಡು ಪಟ್ಟು ಬೆಳೆದರೂ ಎಕರೆಗೆ ಬರುವ ಹಣ ಮೂರು ಪಟ್ಟೂ ಆಗಲಿಲ್ಲ, ಕೊಡುವುದು ಆರು ಪಟ್ಟು. ಮಿಕ್ಕಿದ್ದನ್ನು ಎಲ್ಲಿಂದ ತುಂಬಬೇಕು? ಪಕ್ಕದವನ ಹೊಲ ಕೊಂಡು, ಇಲ್ಲವೇ ಸಾಲ ತಂದು.

ಪಕ್ಕದವನ ಹೊಲ ಕೊಳ್ಳುತ್ತಾ ಕೊಳ್ಳುತ್ತಾ, 1935ರಲ್ಲಿ 68 ಲಕ್ಷ ಇದ್ದ ಹಿಡುವಳಿಗಳು 2022ರ ಗಣತಿಯಲ್ಲಿ 19 ಲಕ್ಷಕ್ಕೆ ಇಳಿದವು. ರೈತನ ಸರಾಸರಿ ವಯಸ್ಸು 58. ಹೆಚ್ಚಿನ ರೈತ ಕುಟುಂಬಗಳು ಬದುಕುವುದು ಮನೆಯವರು ಹೊರಗೆ ಮಾಡುವ ನೌಕರಿಯ ಸಂಬಳದಿಂದ. ರೈತರ ಒಟ್ಟು ಸಾಲ 50 ಸಾವಿರ ಕೋಟಿ ಡಾಲರ್ ದಾಟಿದೆ. ಗಿರಾಕಿ ಊಟಕ್ಕೆ ಖರ್ಚು ಮಾಡುವ ಒಂದು ಡಾಲರಿನಲ್ಲಿ ಬೆಳೆದವನಿಗೆ ಮುಟ್ಟುವುದು 15-16 ಸೆಂಟು. ಕೊಬ್ಬಿಸಿ ಮಾಂಸಕ್ಕೆ ಮಾರುವ ದನಗಳಲ್ಲಿ ಶೇಕಡಾ 85ರಷ್ಟನ್ನು ಕೊಳ್ಳುವವು ನಾಲ್ಕೇ ಕಂಪನಿಗಳು. ಸಾವಿರ ಎಕರೆಯವನಾದರೂ ಮಂಡಿಯಲ್ಲಿ ನಿಂತಾಗ ನಾಲ್ಕು ಎಕರೆಯವನಷ್ಟೇ ದುರ್ಬಲ.

2018ರಲ್ಲಿ ಅಮೆರಿಕ ಚೀನಾದ ಮೇಲೆ ಸುಂಕ ಹಾಕಿತು, ಚೀನಾ ತಿರುಗಿ ಅಮೆರಿಕದ ಸೋಯಾ ಮೇಲೆ ಶೇಕಡಾ 25 ಹಾಕಿತು. ಸೋಯಾ ಕಣಜದಲ್ಲಿ ಉಳಿಯಿತು. ಸರ್ಕಾರ ಪರಿಹಾರವೆಂದು 2018ರಲ್ಲಿ 1,200 ಕೋಟಿ, 2019ರಲ್ಲಿ 1,600 ಕೋಟಿ ಡಾಲರ್ ಘೋಷಿಸಿತು. 2025ರಲ್ಲಿ ಮತ್ತೆ ಅದೇ ಸುಂಕದ ಜಗಳ, ಡಿಸೆಂಬರಿನಲ್ಲಿ ಮತ್ತೆ 1,200 ಕೋಟಿ ಡಾಲರ್. ಬೆಲೆ ಕೊಡದೆ ಭಿಕ್ಷೆ ಕೊಡುವ ಪದ್ಧತಿ ಇದು. ಆ ಭಿಕ್ಷೆಯಲ್ಲೂ ದೊಡ್ಡ ಹಿಡುವಳಿಗೇ ದೊಡ್ಡ ಪಾಲು. ಅದನ್ನೂ ಸರ್ಕಾರ ಸಾಲ ತಂದು ಕೊಡುತ್ತದೆ.

ನಮಗೇನು ಸಂಬಂಧ?

ಸಂಬಂಧ ಇದೆ. ಅವರಿಗೆ ಬೆಲೆ ಬಿದ್ದಾಗ ಆ ಕಾಳು, ಆ ಹತ್ತಿ ಬಡ ದೇಶದ ಬಾಗಿಲಿಗೆ ಬರುತ್ತದೆ. 1954ರ ಪಿ.ಎಲ್. 480 ಕಾನೂನಿನಲ್ಲಿ ಅಲ್ಲಿ ಮಿಕ್ಕ ಗೋಧಿ ನಮಗೆ ಬಂತು. 1965-66ರ ಬರದಲ್ಲಿ ಅದು ಜನರ ಹೊಟ್ಟೆ ತುಂಬಿಸಿತು, ಇಲ್ಲವೆನ್ನುವುದಿಲ್ಲ. ಆದರೆ ಅಧ್ಯಕ್ಷ ಜಾನ್ಸನ್ ಹಡಗುಗಳನ್ನು ತಿಂಗಳ ಲೆಕ್ಕದಲ್ಲಿ ಬಿಡುತ್ತಾ ನಮ್ಮ ಮೂಗುದಾರ ಹಿಡಿದಿದ್ದರು.

ಹತ್ತಿಯ ಕತೆ ಇನ್ನೂ ವಿಚಿತ್ರ. ಅಮೆರಿಕ ತನ್ನ ಹತ್ತಿ ಬೆಳೆಗಾರರಿಗೆ ಕೊಡುವ ಸಹಾಯಧನದಿಂದ ಜಗತ್ತಿನ ಬೆಲೆ ಬೀಳುತ್ತದೆ ಎಂದು ಬ್ರೆಜಿಲ್ 2002ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟಿತು, ಗೆದ್ದಿತು. ಅಮೆರಿಕ ಸಹಾಯಧನ ನಿಲ್ಲಿಸಿತೇ? ಇಲ್ಲ. 2010ರಲ್ಲಿ ವರ್ಷಕ್ಕೆ 14.73 ಕೋಟಿ ಡಾಲರನ್ನು ಬ್ರೆಜಿಲಿಗೇ ಕೊಡುತ್ತೇನೆಂದು ಒಪ್ಪಿತು. 2014ರಲ್ಲಿ 30 ಕೋಟಿ ಡಾಲರ್ ಕೊಟ್ಟು ವ್ಯಾಜ್ಯ ಮುಗಿಸಿತು. ಚೀಟಿ ಬರೆಯುವ ಲೇಖನಿ ಇದ್ದವನು ದಂಡವನ್ನೂ ಚೀಟಿಯಲ್ಲೇ ಕಟ್ಟುತ್ತಾನೆ.

2025ರ ಆಗಸ್ಟಿನಲ್ಲಿ ಅಮೆರಿಕ ಭಾರತದ ಸಾಮಾನುಗಳ ಮೇಲಿನ ಸುಂಕವನ್ನು ಶೇಕಡಾ 50ಕ್ಕೆ ಏರಿಸಿತು. ಅದೇ ತಿಂಗಳು ನಮ್ಮ ಕೇಂದ್ರ ಸರ್ಕಾರ ಬಟ್ಟೆ ಗಿರಣಿಗಳಿಗೆ ಅನುಕೂಲವಾಗಲೆಂದು ಹೊರಗಿನ ಹತ್ತಿಯ ಮೇಲಿದ್ದ ಶೇಕಡಾ 11ರ ಸುಂಕವನ್ನು ವರ್ಷಾಂತ್ಯದವರೆಗೆ ತೆಗೆಯಿತು. ಸರಿಯಾಗಿ ರಾಯಚೂರು, ಹಾವೇರಿ ಕಡೆ ಹೊಸ ಹತ್ತಿ ಮಾರುಕಟ್ಟೆಗೆ ಬರುವ ಕಾಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಕಡೆಯ ಮಾತು

ಬಾಂಧವರೇ, ಅಮೆರಿಕವನ್ನು ಪೂಜಿಸುವುದೂ ಬೇಡ, ಸುಮ್ಮನೆ ಬೈಯುವುದೂ ಬೇಡ. ಮಣ್ಣು, ನದಿ, ಯಂತ್ರ, ಬೀಜ, ವಿದ್ಯೆ, ಬ್ಯಾಂಕು ಎಲ್ಲವೂ ಇದ್ದ ರೈತ, ಜಗತ್ತಿನ ಅತಿ ಬಲಿಷ್ಠ ಸರ್ಕಾರದ ರೈತ, ಬೆಲೆ ಒಂದು ಇಲ್ಲದ್ದರಿಂದ ಸಾಲಗಾರನಾದ. ಹಾಗಾದರೆ ನಮ್ಮ ರೋಗ ಸಣ್ಣ ಹಿಡುವಳಿಯಲ್ಲ, ಸೋಮಾರಿತನವೂ ಅಲ್ಲ. ಸಾಲ ಮನ್ನಾ ಎನ್ನುವುದು ಜ್ವರದ ಮಾತ್ರೆ. ಬೆಲೆ ಎನ್ನುವುದು ಅನ್ನ. ಮಾತ್ರೆ ನುಂಗಿಯೇ ಯಾರೂ ಬದುಕಲಾರರು.

ಅಲ್ಲಿಂದ ನಾವು ತರಿಸಿಕೊಳ್ಳಬೇಕಾದ್ದು ಕಟಾವು ಯಂತ್ರಕ್ಕಿಂತ ಮೊದಲು ಎರಡು ಕಾನೂನು. ಒಂದು, ಬೆಳೆಯುವವನ ಬೆಲೆಯನ್ನು ಅವನ ಖರ್ಚಿಗೆ ಕಟ್ಟುವ, ಕೋರ್ಟಿನಲ್ಲಿ ನಿಲ್ಲುವ ಕಾನೂನು. ಎರಡು, 1986ರಲ್ಲಿ ಅವರು ಮಾಡಿದಂತೆ, ಭೂಮಿ ಉಳಿಸಿಕೊಂಡು ಸಾಲ ಹೊಂದಿಸಿಕೊಳ್ಳುವ ಕಾನೂನು. ನಮ್ಮ ದೇಶದಲ್ಲಿ ಕಂಪನಿಗಳಿಗೆ 2016ರಲ್ಲಿ ದಿವಾಳಿ ಸಂಹಿತೆ ಬಂತು. ಅದರಡಿ ಬ್ಯಾಂಕುಗಳು ಸಾಲದ ದೊಡ್ಡ ಪಾಲನ್ನೇ ಬಿಟ್ಟು ಇತ್ಯರ್ಥ ಮಾಡಿಕೊಂಡ ಪ್ರಕರಣಗಳು ಎಷ್ಟೋ ಇವೆ. ಅದಕ್ಕೆ ಯಾರೂ ಮನ್ನಾ ಎನ್ನುವುದಿಲ್ಲ, ಅದಕ್ಕೊಂದು ಗೌರವದ ಹೆಸರಿದೆ. ರೈತನ ಸಾಲದ ಮಾತು ಬಂದಾಗ ಮಾತ್ರ ದೇಶದ ಬೊಕ್ಕಸ ನೆನಪಾಗುತ್ತದೆ.

ಬರುವ ತಿಂಗಳ ಗ್ರಾಮ ಘಟಕದ ಸಭೆಗಳಲ್ಲಿ ಈ ಎರಡು ಮಾತು ಚರ್ಚೆಯಾಗಲಿ. ಒಬ್ಬೊಬ್ಬರೂ ಒಂದು ಹಾಳೆ ತನ್ನಿ. ಒಂದು ಕಡೆ ಹತ್ತು ವರ್ಷದ ಹಿಂದೆ ನಿಮ್ಮ ಒಂದು ಕ್ವಿಂಟಾಲಿಗೆ ಎಷ್ಟು ಗೊಬ್ಬರ, ಎಷ್ಟು ಡೀಸೆಲ್, ಎಷ್ಟು ಆಳು ಬರುತ್ತಿತ್ತು ಬರೆಯಿರಿ. ಇನ್ನೊಂದು ಕಡೆ ಈಗಿನದು. ಆ ಹಾಳೆಯೇ ನಮ್ಮ ವೈಜ್ಞಾನಿಕ ಬೆಲೆಯ ಲೆಕ್ಕ. ಯಾವ ಅಧಿಕಾರಿಯಾದರೂ ಅಮೆರಿಕದ ರೈತನ ಹಾಗೆ ಆಗಿ ಎಂದರೆ ಆ ಹಾಳೆ ಅವರ ಮುಂದೆ ಇಡಿ. ಆ ರೈತನೂ ಇದೇ ಲೆಕ್ಕ ಹಿಡಿದುಕೊಂಡೇ 1979ರಲ್ಲಿ ಟ್ರ್ಯಾಕ್ಟರ್ ಹತ್ತಿದ್ದು ಎಂದು ಹೇಳಿ.

ನಮ್ಮೂರ ಹುಡುಗನಿಗೂ ಅಂದು ಕಟ್ಟೆ ಮೇಲೆ ಇಷ್ಟೇ ಹೇಳಿದೆ. "ಮಗಾ, ಯಂತ್ರ ಚೆನ್ನಾಗಿದೆ. ಅದರ ಕಂತು ಎಷ್ಟು ಬಾಕಿ ಇದೆ, ವಿಚಾರಿಸಿ ಹೇಳು." ಹುಡುಗ ನಕ್ಕ. ವಿಚಾರಿಸುತ್ತೇನೆ ಅಂದಿದ್ದಾನೆ.